ಬ್ಯಾಂಕ್ ನೋಟಿಸ್ ಬಂದಿರುವ ಮನೆ: ಹರಾಜಿಗೆ ಮೊದಲೇ ಕೊಳ್ಳಬಹುದಾ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಂದು ಮನೆ. ಮಾಲೀಕರು ಕಂತು ಕಟ್ಟಿಲ್ಲ, ಬಾಕಿ ಕಟ್ಟಿ ಅಂತ ಬ್ಯಾಂಕಿನಿಂದ 13(2) ನೋಟಿಸ್ ಬಂದಿದೆ. ಹರಾಜಿಗೆ ಮೊದಲೇ ಕೊಡ್ತೀನಿ, 5 ಲಕ್ಷ ಅಡ್ವಾನ್ಸ್ ಕೊಡಿ ಅಂತಾರೆ. ಕೊಡಬಹುದಾ?

ಉತ್ತರ 1: ಮಾಲೀಕರ ಕೈಗೆ ಈಗ ಒಂದು ರೂಪಾಯಿಯನ್ನೂ ಕೊಡಬೇಡಿ ಸಾರ್. ಆ ನೋಟಿಸ್ ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಅವರು ಮಾರುವಂತಿಲ್ಲ. ಅಡಮಾನದ ಆಸ್ತಿಯಿಂದ ಬ್ಯಾಂಕ್ ಸಾಲ ವಸೂಲಿ ಮಾಡುವ ಸರ್ಫೇಸಿ ಕಾಯ್ದೆಯ 13(13)ನೇ ಕಲಂ ಅದನ್ನೇ ಹೇಳುತ್ತದೆ. ಇಬ್ಬರೂ ಬ್ಯಾಂಕಿಗೆ ಹೋಗಿ, ಬಡ್ಡಿ, ಖರ್ಚು ಸೇರಿ ಇಂಥ ದಿನಕ್ಕೆ ಬಾಕಿ ಇಷ್ಟು ಎಂಬ ಪತ್ರ ತೆಗೆದುಕೊಳ್ಳಿ. ಆ ಮೊತ್ತ ನೇರ ಸಾಲದ ಖಾತೆಗೆ ಹೋಗಲಿ, ಉಳಿದದ್ದು ಮಾತ್ರ ನೋಂದಣಿ ದಿನ ಮಾಲೀಕರಿಗೆ. ಮನೆಯ ಮೂಲ ಪತ್ರಗಳನ್ನು ಬ್ಯಾಂಕಿನವರು ಯಾರ ಕೈಗೆ, ಯಾವಾಗ ಕೊಡ್ತಾರೆ ಅನ್ನೋದು ಬರಹದಲ್ಲೇ ಇರಲಿ. ಎಡವಟ್ಟಾಗೋದು ಇಲ್ಲೇ: ಅವರ ಇನ್ನೊಂದು ಸಾಲಕ್ಕೂ ಇದೇ ಮನೆ ಅಡಮಾನವಾಗಿದ್ದರೆ ಬ್ಯಾಂಕ್ ಆ ಮೂಲ ಪತ್ರಗಳನ್ನು ಬಿಡುವುದಿಲ್ಲ.

ಉತ್ತರ 2: ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಆದರೆ ಅದೊಂದನ್ನೇ ನಂಬಬೇಡಿ. ಮನೆ ಪತ್ರ ಇಟ್ಟು ತೆಗೆದ ಸಾಲ ಅದರಲ್ಲಿ ಕಾಣದೆ ಇರಬಹುದು, ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿ ಸೆರ್ಸಾಯ್‌ನಲ್ಲೂ ಹುಡುಕಿ. ಪಾಲಿಕೆಯ ಇ-ಖಾತೆ, ಕಂದಾಯ, ಬೆಸ್ಕಾಂ ಬಾಕಿಯನ್ನೂ ನೋಡಿ.

ಪ್ರಶ್ನೆ ಕೇಳಿದವರು: ಹರಾಜಿನವರೆಗೆ ಕಾದರೆ ಅಗ್ಗ ಆಗಲ್ವಾ?

ಉತ್ತರ 1: ಆಗಬಹುದು, ಆದರೆ ದುಡ್ಡು ರೆಡಿ ಇರಬೇಕು. ಬಿಡ್ ಗೆದ್ದ ದಿನವೇ, ತಪ್ಪಿದರೆ ಮುಂದಿನ ಕೆಲಸದ ದಿನ, ಇಎಂಡಿ (ಬಿಡ್‌ಗೆ ಮೊದಲೇ ಕಟ್ಟುವ ಠೇವಣಿ) ಸೇರಿ ಬೆಲೆಯ ಶೇ. 25 ಕಟ್ಟಬೇಕು. ಮಾರಾಟ ದೃಢವಾದ 15 ದಿನದೊಳಗೆ ಉಳಿದದ್ದು. ಬ್ಯಾಂಕ್ ಬರಹದಲ್ಲಿ ಒಪ್ಪಿಕೊಂಡರೆ ಹೆಚ್ಚೆಂದರೆ 3 ತಿಂಗಳು. ಗಡುವು ಮೀರಿದರೆ ಕಟ್ಟಿದ್ದು ಮುಟ್ಟುಗೋಲು. ಪ್ರಕಟಣೆಯಲ್ಲಿ ‘ಸಾಂಕೇತಿಕ ಸ್ವಾಧೀನ’ ಅಂತಿದ್ದರೆ ಮನೆ ಇನ್ನೂ ಬ್ಯಾಂಕಿನ ಕೈಗೆ ಬಂದಿಲ್ಲ ಅಂತ. ಒಳಗಿರುವವರು ತಾವಾಗಿ ಬಿಡದಿದ್ದರೆ ಬ್ಯಾಂಕ್ 14ನೇ ಕಲಂ ಅಡಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು.