ಸಹಾಯ ಬೇಕು: ಒತ್ತಡ ನಿಭಾವಣೆಯ ಪ್ರಶ್ನಾವಳಿಗೆ ಹಿಮ್ಮುಖ ಅನುವಾದಕರು
ಪೀಣ್ಯದ ಗಾರ್ಮೆಂಟ್ಸ್ ಟೈಲರ್‌ಗಳು ಕೆಲಸದ ಒತ್ತಡವನ್ನು ಹೇಗೆ ನಿಭಾಯಿಸುತ್ತಾರೆಂದು ಅಳೆಯಲು ಬ್ರೀಫ್ ಕೋಪ್ (1997) ಎಂಬ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. 28 ಹೇಳಿಕೆ, 14 ಉಪಮಾಪಕ (ನಿಭಾಯಿಸುವ ಒಂದೊಂದು ರೀತಿಗೆ ಎರಡೆರಡು ಹೇಳಿಕೆಗಳ ಗುಂಪು), ಉತ್ತರ 1ರಿಂದ 4. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡುವಂತಿಲ್ಲ. ಜೊತೆಗೆ ಎಷ್ಟು ಒತ್ತಡ ಅನಿಸುತ್ತಿದೆ ಎಂದು ಅಳೆಯುವ ಹತ್ತು ಪ್ರಶ್ನೆಗಳ ಪಿಎಸ್‌ಎಸ್-10 ಇದೆ; ಅದರ 4, 5, 7, 8ನೇ ಪ್ರಶ್ನೆಗಳು ಎಲ್ಲ ಹಿಡಿತದಲ್ಲಿದೆಯೇ ಎಂಬ ಧಾಟಿಯವು, ಅವುಗಳ ಅಂಕ ತಿರುಗಿಸದಿದ್ದರೆ ನಿರಾಳವಾಗಿರುವವರೇ ಒತ್ತಡದಲ್ಲಿರುವಂತೆ ಕಾಣುತ್ತಾರೆ.

ತೊಡಕಿರುವುದು ಮಾತಿನಲ್ಲಿ. ಭಾವನಾತ್ಮಕ ಆಸರೆ, ಸಲಹೆಯ ಆಸರೆ ಎರಡು ಬೇರೆ ಉಪಮಾಪಕಗಳು. ಎರಡಕ್ಕೂ ‘ಬೇರೆಯವರ ಬೆಂಬಲ ಪಡೆಯುತ್ತಿದ್ದೇನೆ’ ಎಂದರೆ ಓದುವವರಿಗೆ ಒಂದೇ. ‘ಸಮಾಧಾನ ಹೇಳುವವರು ಸಿಗ್ತಿದ್ದಾರೆ’, ‘ಏನು ಮಾಡ್ಲಿ ಅಂತ ಕೇಳ್ತಿದ್ದೀನಿ’ ಎಂದು ಬಿಡಿಸಿದರೆ ಸರಿಯೇ? ಬ್ರೀಫ್ ಕೋಪ್‌ನ 4 ಮತ್ತು 11 ಕುಡಿತ ಅಥವಾ ಬೇರೆ ಮಾದಕ ವಸ್ತುಗಳ ಹೇಳಿಕೆಗಳು. ಸೂಪರ್‌ವೈಸರ್ ಎದುರಿದ್ದರೆ ಎಲ್ಲರೂ 1 ಗುರುತು ಹಾಕುತ್ತಾರೆ. ಹಾಗಾಗಿ ಹೆಸರಿಲ್ಲದ ಹಾಳೆ, ಮುಚ್ಚಿದ ಡಬ್ಬಿ, ಊಟದ ಬಿಡುವಿನ ಹೊತ್ತು.

ಬೇಕಾಗಿರುವವರು: ಇಂಗ್ಲಿಷ್ ಮೂಲ ನೋಡಿರದ, ಎರಡೂ ಭಾಷೆ ಬಲ್ಲ ಇಬ್ಬರು; 28 ಸಾಲುಗಳನ್ನು ಕನ್ನಡದಿಂದ ಮರಳಿ ಇಂಗ್ಲಿಷಿಗೆ ತರಬೇಕು (ಮೂಲದ ಜೊತೆ ಹೋಲಿಸಿ ಅರ್ಥ ಉಳಿದಿದೆಯೇ ನೋಡಲು), ಪರಸ್ಪರ ಮಾತಾಡಿಕೊಳ್ಳದೆ. ಎರಡೇ ಹೇಳಿಕೆಗಳ ಉಪಮಾಪಕ ಎಷ್ಟು ನಂಬಲರ್ಹ ಎಂದು ನೋಡಲು, ಸಾಮಾನ್ಯವಾಗಿ ಬಳಸುವ ಆಲ್ಫಾ ಸೂತ್ರದ ಬದಲು ಸ್ಪಿಯರ್‌ಮನ್-ಬ್ರೌನ್ ಸೂತ್ರದ ಲೆಕ್ಕ ಮಾಡಿ ಗೊತ್ತಿರುವವರೂ ದಯವಿಟ್ಟು ಮೆಸೇಜ್ ಮಾಡಿ.