ಅಪ್‌ಡೇಟ್: ರ‍್ಯಾಮ್ ಹಾಕಿಸಿದೆ, ಆದರೆ ದೊಡ್ಡ ತೊಂದರೆ ಫ್ಯಾನಿನಲ್ಲಿತ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಟಿಎ 5 ಗೇಮ್ ಹತ್ತು ನಿಮಿಷಕ್ಕೇ ತಡವರಿಸುತ್ತದೆ, ಏನು ಬದಲಿಸಲಿ ಅಂತ. ಇನ್ನೊಂದು 8 ಜಿಬಿ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) ಹಾಕಿಸಿ ಎಂದವರೇ ಜಾಸ್ತಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ, ನೆಹರು ರಸ್ತೆ ಹತ್ತಿರ ಹಾಕಿಸಿಕೊಂಡು ಬಂದೆ. ಇಂಥ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕೆಲಸಕ್ಕೂ ಇದೇ ರ‍್ಯಾಮನ್ನು ಬಳಸುತ್ತದೆ. ಅದು ಒಂದೇ ಇದ್ದಾಗ ಡೇಟಾ ಓಡಾಡಲು 64 ಬಿಟ್ ಅಗಲದ ದಾರಿ, ಎರಡಾದರೆ 128. ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್, 30ರಿಂದ 45ರ ಆಸುಪಾಸಿಗೆ ಏರಿತು. ಆದರೆ ಹತ್ತು ನಿಮಿಷ ಕಳೆದರೆ ಮತ್ತೆ ಅದೇ ಕಥೆ.

ಬಿಸಿ ನೋಡಿದರೆ 95 ಡಿಗ್ರಿ! ಅಷ್ಟಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯಾನ್ ಪಕ್ಕದ ತೆಳು ರೆಕ್ಕೆಗಳ ಸಂದಿಯಲ್ಲಿ ಕಂಬಳಿ ತುಂಡಿನ ಹಾಗೆ ಧೂಳು ಕೂತಿತ್ತು. ಅಡಿಕೆ ಸುಲಿಯುವ ಕಾಲದಲ್ಲಿ ಜಗಲಿಯಲ್ಲೇ ಕೂತು ಆಡುತ್ತಿದ್ದೆ, ಮೇಲೆ ಬಚ್ಚಲ ಒಲೆ ಹೊಗೆ ಬೇರೆ. ಪ್ರೊಸೆಸರ್ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಸಣ್ಣ ಬ್ರಷ್‌ನಿಂದ ಧೂಳು ತೆಗೆದು, ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದೆ. ಈಗ 80 ದಾಟುವುದಿಲ್ಲ. ನಿನ್ನೆ ಎರಡು ಗಂಟೆ ಆಡಿದೆ, ಒಮ್ಮೆಯೂ ತಡವರಿಸಲಿಲ್ಲ.

ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸ್ಟೋರೇಜ್) ಕೂಡ ಹಾಕಿಸಿದೆ. ಗೇಮ್ ಬೇಗ ತೆರೆದುಕೊಳ್ಳುತ್ತದೆ, ಫ್ರೇಮ್ ಏನೂ ಏರಿಲ್ಲ.

ಮೊದಲು ಬಿಸಿ ನೋಡಿ ಎಂದು ಒಬ್ಬರು ಹೇಳಿದ್ದರು, ನಾನು ಗಮನ ಕೊಡಲಿಲ್ಲ. ಅವರಿಗೆ ತುಂಬಾ ಥ್ಯಾಂಕ್ಸ್. ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ ಬಿಚ್ಚಿ ಒರೆಸುತ್ತೇನೆ.