ಲ್ಯಾಬ್‌ವ್ಯೂನಲ್ಲಿ ಇಂಡಿಕೇಟರ್ ಅಪ್‌ಡೇಟ್ ಮಾಡೋಕೆ ಲೋಕಲ್ ವೇರಿಯಬಲ್ಲಾ, ಪ್ರಾಪರ್ಟಿ ನೋಡಾ?

ಪ್ರಶ್ನೆ: ಸರ್, ಲ್ಯಾಬ್‌ವ್ಯೂ (ಬ್ಲಾಕ್‌ಗಳಿಗೆ ವೈರ್ ಎಳೆದು ಪ್ರೋಗ್ರಾಂ ಬರೆಯೋ ಸಾಫ್ಟ್‌ವೇರ್) ಈಗ ಕಲೀತಾ ಇದೀನಿ. ವೈಲ್ ಲೂಪ್‌ನಲ್ಲಿ ಸೆನ್ಸರ್ ರೀಡಿಂಗ್ ತಗೊಂಡು ಫ್ರಂಟ್ ಪ್ಯಾನಲ್‌ನಲ್ಲಿರೋ, ಅಂದ್ರೆ ಯೂಸರ್‌ಗೆ ಕಾಣೋ ಸ್ಕ್ರೀನ್‌ನಲ್ಲಿರೋ, ಇಪ್ಪತ್ತು ಇಂಡಿಕೇಟರ್‌ಗೆ (ವ್ಯಾಲ್ಯೂ ತೋರಿಸೋ ಡಬ್ಬಿಗಳಿಗೆ) ಬರೀಬೇಕು, ಎಲ್ಲಕ್ಕೂ ಪ್ರಾಪರ್ಟಿ ನೋಡ್ (ಇಂಡಿಕೇಟರ್‌ನ ಗುಣಗಳನ್ನ ಕೋಡ್‌ನಿಂದ ಓದೋ, ಬದಲಾಯಿಸೋ ಬ್ಲಾಕ್) ಹಾಕಿ ವ್ಯಾಲ್ಯೂ ಕೊಟ್ಟಿದೀನಿ, ಯಾಕಂದ್ರೆ ಎರರ್ ವೈರ್ ಎಳೆದ್ರೆ ಯಾವುದಾದ್ಮೇಲೆ ಯಾವುದು ಅನ್ನೋದು ಪಕ್ಕಾ ಇರುತ್ತೆ. ಆದ್ರೆ ಲೂಪ್ ತುಂಬಾ ನಿಧಾನ ಆಗಿದೆ. ಲೋಕಲ್ ವೇರಿಯಬಲ್ (ವೈರ್ ಇಲ್ಲದೇ ಕೋಡ್‌ನ ಬೇರೆ ಕಡೆಯಿಂದ ಅದೇ ಇಂಡಿಕೇಟರ್‌ಗೆ ಬರೆಯೋ, ಓದೋ ದಾರಿ) ಹಾಕು ಅಂತ ಒಬ್ರು, ಅದನ್ನ ಮುಟ್ಲೇಬೇಡ ಅಂತ ಇನ್ನೊಬ್ರು. ಯಾರ ಮಾತು ಕೇಳ್ಲಿ?

ಉತ್ತರ: ಅವರಿಬ್ರೂ ಹೇಳದೇ ಇರೋ ಮೂರನೇದು ಒಂದಿದೆ, ಅದೇ ಮೊದಲು ನೋಡ್ಬೇಕಾದ್ದು. ಇಂಡಿಕೇಟರ್‌ನ ಟರ್ಮಿನಲ್‌ಗೇ (ಕೋಡ್‌ನಲ್ಲಿ ಅದನ್ನ ಸೂಚಿಸೋ ಗುರುತಿಗೇ) ನೇರ ವೈರ್ ಎಳೀರಿ. ಟರ್ಮಿನಲ್ ಲೂಪ್ ಒಳಗಡೆನೇ ಇರ್ಲಿ. ಅದಕ್ಕಿಂತ ಫಾಸ್ಟ್ ಇನ್ನೊಂದಿಲ್ಲ.

ನಿಮ್ಮ ಲೂಪ್ ಯಾಕೆ ನಿಧಾನ ಆಯ್ತು ಅಂದ್ರೆ, ಟರ್ಮಿನಲ್‌ಗೋ ಲೋಕಲ್‌ಗೋ ಬರೆದಾಗ ವ್ಯಾಲ್ಯೂ ಒಂದು ಬಫರ್‌ಗೆ ಹೋಗಿ ಕೂರುತ್ತೆ, ನಿಮ್ಮ ಕೋಡ್ ಮುಂದಕ್ಕೆ ಹೋಗ್ತಾ ಇರುತ್ತೆ, ಯುಐ ಥ್ರೆಡ್ (ಸ್ಕ್ರೀನ್ ಕೆಲಸ ನೋಡ್ಕೊಳ್ಳೋ ಭಾಗ) ತನಗೆ ಬಿಡುವಾದಾಗ ಅದನ್ನ ತಗೊಂಡು ಸ್ಕ್ರೀನ್ ಮೇಲೆ ಬಿಡಿಸುತ್ತೆ. ಪ್ರಾಪರ್ಟಿ ನೋಡ್ ಹಾಗಲ್ಲ, ಅದು ಯುಐ ಥ್ರೆಡ್‌ಗೇ ಹೋಗಿ ಕೆಲಸ ಮುಗಿಯೋವರೆಗೂ ಕಾದು ಆಮೇಲೆ ವಾಪಸ್ ಬರ್ಬೇಕು. ಇಡೀ ಲ್ಯಾಬ್‌ವ್ಯೂಗೆ ಯುಐ ಥ್ರೆಡ್ ಇರೋದು ಒಂದೇ! ಪ್ರತಿ ಸುತ್ತಿಗೂ ಇಪ್ಪತ್ತು ಸಲ ಆ ಒಂದೇ ಬಾಗಿಲ ಮುಂದೆ ಕ್ಯೂ ನಿಂತ್ರೆ ಲೂಪ್ ಹೇಗೆ ಓಡುತ್ತೆ ಹೇಳಿ. ಜೊತೆಗೆ, ಸಬ್‌ವಿಐ (ಮೇನ್ ಪ್ರೋಗ್ರಾಂ ಕರೆಯೋ ಸಣ್ಣ ಪ್ರೋಗ್ರಾಂ) ಒಳಗೆ ಅದರದೇ ಕಂಟ್ರೋಲ್‌ಗೆ (ಬಟನ್‌ನಂಥ, ವ್ಯಾಲ್ಯೂ ಕೊಡೋ ಭಾಗಕ್ಕೆ) ಪ್ರಾಪರ್ಟಿ ನೋಡ್ ಇಟ್ರೆ ಅದರ ಫ್ರಂಟ್ ಪ್ಯಾನಲ್ ಪೂರ್ತಿ ಮೆಮೊರಿಗೆ ಬಂದು ಕೂರುತ್ತೆ, ಯಾರೂ ಅದನ್ನ ತೆಗೆದು ನೋಡದೇ ಇದ್ರೂನೂ.

ಪ್ರಶ್ನೆ: ಅಂದ್ರೆ ಟರ್ಮಿನಲ್ ಸಿಗದ ಕಡೆ ಕಣ್ಣುಮುಚ್ಚಿ ಲೋಕಲ್ ಹಾಕ್ಬಹುದಾ? ರೇಸ್ ಕಂಡೀಷನ್ ಬರುತ್ತೆ ಅಂತಾರಲ್ಲ.

ಉತ್ತರ: ಕಣ್ಣುಮುಚ್ಚಿ ಬೇಡ. ಬರೀ ತೋರಿಸೋಕೆ ಅಂದ್ರೆ, ಒಂದೇ ಕಡೆಯಿಂದ ಬರೀತೀರಿ ಯಾರೂ ವಾಪಸ್ ಓದಲ್ಲ ಅಂದ್ರೆ ಲೋಕಲ್ ಧಾರಾಳವಾಗಿ ಹಾಕಿ. ತೊಂದರೆ ಬರೋದು ಓದಿ, ಬದಲಾಯಿಸಿ, ಮತ್ತೆ ಬರೆಯೋವಾಗ. ಕೌಂಟ್ ಅಂತ ಒಂದು ಇಂಡಿಕೇಟರ್ ಇದೆ ಅಂದ್ಕೊಳ್ಳಿ, ಎರಡು ಲೂಪ್ ಒಟ್ಟಿಗೆ 10 ಅಂತ ಓದ್ತವೆ, ಎರಡೂ 1 ಕೂಡಿಸ್ತವೆ, ಎರಡೂ 11 ಅಂತ ಬರೀತವೆ. 12 ಆಗ್ಬೇಕಿತ್ತು, ಒಂದು ಎಣಿಕೆ ಹೋಯ್ತು, ಎರರ್ ಕೂಡ ಬರಲ್ಲ. ಪ್ರಾಪರ್ಟಿ ನೋಡ್ ಹಾಕಿದ್ರೆ ಇದು ಸರಿಹೋಗುತ್ತೆ ಅಂತ ತುಂಬಾ ಜನ ನಂಬಿದಾರೆ, ಇಲ್ಲ, ಅಲ್ಲೂ ಇದೇ ಕಥೆ. ನಿಮ್ಮ ಎರರ್ ವೈರ್ ಅದು ಹೋಗಿರೋ ದಾರಿಯಲ್ಲಿ ಮಾತ್ರ ಕ್ರಮ ಕಾಯುತ್ತೆ, ಪಕ್ಕದ ಲೂಪ್ ಏನು ಮಾಡ್ತಿದೆ ಅಂತ ಅದಕ್ಕೆ ಗೊತ್ತಿಲ್ಲ.

ಅದಕ್ಕೇ ನಾನು ಮತ್ತೆಮತ್ತೆ ಹೇಳೋದು, ಡೇಟಾ ವಾಸ ಮಾಡೋ ಜಾಗ ಫ್ರಂಟ್ ಪ್ಯಾನಲ್ ಅಲ್ಲ. ಲೆಕ್ಕ ಶಿಫ್ಟ್ ರಿಜಿಸ್ಟರ್‌ನಲ್ಲಿ (ಒಂದು ಸುತ್ತಿನ ವ್ಯಾಲ್ಯೂನ ಮುಂದಿನ ಸುತ್ತಿಗೆ ಒಯ್ಯೋ ಜಾಗ) ಇರ್ಲಿ, ಲೂಪ್‌ನಿಂದ ಲೂಪ್‌ಗೆ ಕ್ಯೂನಲ್ಲಿ (ಡೇಟಾನ ಸರದಿಯಲ್ಲಿ ಕಳಿಸೋ ಸಾಲು) ಕಳಿಸಿ, ಕೊನೆಗೆ ಬಂದಿದ್ದನ್ನ ಇಂಡಿಕೇಟರ್‌ಗೆ ತೋರಿಸಿ ಬಿಡಿ. ಹೀಗೆ ಮಾಡಿದ್ರೆ ಲೋಕಲ್ಲಾ ಪ್ರಾಪರ್ಟಿನಾ ಅನ್ನೋ ಪ್ರಶ್ನೆ ಮುಕ್ಕಾಲು ಭಾಗ ಏಳೋದೇ ಇಲ್ಲ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಲೋಕಲ್‌ನಿಂದ ಕಂಟ್ರೋಲ್ ವ್ಯಾಲ್ಯೂ ಬದಲಾಯಿಸಿದ್ರೆ ಈವೆಂಟ್ ಸ್ಟ್ರಕ್ಚರ್‌ನಲ್ಲಿ (ಏನಾದ್ರೂ ಆದಾಗ ಓಡೋ ಕೋಡ್ ಇಡೋ ಜಾಗ) ವ್ಯಾಲ್ಯೂ ಚೇಂಜ್ ಈವೆಂಟ್ ಬರ್ತಾನೇ ಇಲ್ಲ.

ಉತ್ತರ: ಬರಲ್ಲ. ಲೋಕಲ್‌ಗೂ ಬರಲ್ಲ, ಪ್ರಾಪರ್ಟಿ ನೋಡ್‌ನ ಸಾದಾ ವ್ಯಾಲ್ಯೂಗೂ ಬರಲ್ಲ. ವ್ಯಾಲ್ಯೂ ಸಿಗ್ನಲಿಂಗ್ ಅಂತ ಬೇರೆ ಪ್ರಾಪರ್ಟಿ ಇದೆ, ಅದಕ್ಕೆ ಬರೆದ್ರೆ ಯೂಸರ್ ಕೈಯಾರೆ ಬದಲಾಯಿಸಿದ ಹಾಗೆ ಈವೆಂಟ್ ಹುಟ್ಟುತ್ತೆ. ಆದ್ರೆ ಆ ಕಂಟ್ರೋಲ್‌ನದೇ ಈವೆಂಟ್ ಕೇಸ್ ಒಳಗೆ ಕೂತು ಅದಕ್ಕೇ ಮತ್ತೆ ಸಿಗ್ನಲಿಂಗ್ ಬರೀಬೇಡಿ, ಈವೆಂಟ್ ಈವೆಂಟನ್ನೇ ಎಬ್ಬಿಸ್ತಾ ಕೊನೆಯೇ ಇರಲ್ಲ. ಎರಡು ಕಡೆಯಿಂದ ಒಂದೇ ಕೆಲಸ ಆಗ್ಬೇಕು ಅಂತಿದ್ರೆ ಅದನ್ನ ಸಬ್‌ವಿಐ ಮಾಡಿ ಎರಡೂ ಕಡೆ ಕರೀರಿ, ಇಲ್ಲಾ ಯೂಸರ್ ಈವೆಂಟ್ (ಕೋಡ್‌ನಿಂದಲೇ ನೀವು ಹುಟ್ಟಿಸೋ ಈವೆಂಟ್) ಬಳಸಿ.

ಪ್ರಶ್ನೆ: ಸಬ್‌ವಿಐ ಓಡ್ತಾ ಇರೋವಾಗ್ಲೇ ಮೇನ್ ಪ್ಯಾನಲ್‌ನ ಪ್ರೋಗ್ರೆಸ್ ಬಾರ್ ಬದಲಾಗ್ಬೇಕು ಅಂದ್ರೆ?

ಉತ್ತರ: ಆ ಬಾರ್‌ನ ಕಂಟ್ರೋಲ್ ರೆಫರೆನ್ಸ್ (ಅದರ ವಿಳಾಸದಂಥದ್ದು) ಸಬ್‌ವಿಐಗೆ ಕೊಟ್ಟು ಒಳಗಡೆ ಪ್ರಾಪರ್ಟಿ ನೋಡ್ ಇಡಿ, ಇಂಥ ಕಡೆ ಅದು ಸರಿಯಾದ ಆಯ್ಕೆನೇ. ಪ್ರತಿ ಸುತ್ತಿಗೂ ಬೇಡ, 100 ಮಿಲಿಸೆಕೆಂಡ್‌ಗೆ ಒಂದು ಸಲ ಬರೆದ್ರೆ ಸೆಕೆಂಡ್‌ಗೆ 10 ಅಪ್‌ಡೇಟ್ ಆಯ್ತು, ನೋಡೋ ಕಣ್ಣಿಗೆ ಅಷ್ಟು ಸಾಕು.

ಪ್ರಶ್ನೆ: ಸರಿ ಸರ್, ಎಲ್ಲಾ ಟರ್ಮಿನಲ್‌ಗೆ ಬದಲಾಯಿಸ್ತೀನಿ. ಕೊನೇದು, ಸ್ಟಾಪ್ ಬಟನ್‌ಗೆ ಲೋಕಲ್ ಹಾಕಿದ ತಕ್ಷಣ ರನ್ ಬಾಣ ಮುರಿದು ಹೋಗ್ತಿದೆ (ಪ್ರೋಗ್ರಾಂ ಓಡಿಸೋಕೇ ಬಿಡಲ್ಲ), ಯಾಕೆ?

ಉತ್ತರ: ಬಟನ್‌ನ ಮೆಕ್ಯಾನಿಕಲ್ ಆಕ್ಷನ್ (ಒತ್ತಿದಾಗ ಅದು ಹೇಗೆ ವರ್ತಿಸ್ಬೇಕು ಅನ್ನೋ ಸೆಟ್ಟಿಂಗ್) ಲ್ಯಾಚ್ ಇದೆ. ಲ್ಯಾಚ್ ಅಂದ್ರೆ ಕೋಡ್ ಒಂದು ಸಲ ಓದಿದ ಕೂಡ್ಲೇ ತಾನೇ ಫಾಲ್ಸ್‌ಗೆ ಹೋಗುತ್ತೆ, ಎರಡು ಕಡೆ ಓದಿದ್ರೆ ಯಾರಿಗೆ ಟ್ರೂ ಸಿಗ್ಬೇಕು ಅನ್ನೋ ಗೊಂದಲ, ಹಾಗಾಗಿ ಲ್ಯಾಚ್ ಬಟನ್‌ಗೆ ಲೋಕಲ್ ಬಿಡೋದೇ ಇಲ್ಲ. ಆ ಸೆಟ್ಟಿಂಗನ್ನ ಸ್ವಿಚ್‌ಗೆ (ತಾನಾಗೇ ವಾಪಸ್ ಹೋಗದ ಥರ) ಬದಲಾಯಿಸಿ ಕೊನೇಲಿ ನೀವೇ ಫಾಲ್ಸ್ ಬರೀಬಹುದು. ನನ್ನ ಕೇಳಿದ್ರೆ ಲ್ಯಾಚ್ ಹಾಗೇ ಇರ್ಲಿ, ಟರ್ಮಿನಲ್‌ನ ಅದರ ಈವೆಂಟ್ ಕೇಸ್ ಒಳಗೆ ಇಟ್ಟು, ಬೇರೆ ಲೂಪ್‌ಗಳಿಗೆ ನಿಲ್ಲೋ ಸುದ್ದಿ ಕ್ಯೂನಲ್ಲೋ ನೋಟಿಫೈಯರ್‌ನಲ್ಲೋ (ಕಾಯ್ತಿರೋ ಲೂಪ್‌ಗಳಿಗೆಲ್ಲ ಒಟ್ಟಿಗೆ ಸುದ್ದಿ ಮುಟ್ಟಿಸೋದು) ಕಳಿಸಿ.